ಒಬ್ಬರಿಗೆ ನಲವತ್ತೊಂಬತ್ತು ಸೆಕೆಂಡು

೨೦೨೪ನೆಯ ಇಸವಿ ಫೆಬ್ರವರಿ ಹನ್ನೊಂದು, ಭಾನುವಾರ. ಅಂದಿಗೆ ಪಿಳ್ಳಣ್ಣನ ಕಾದಂಬರಿಯಲ್ಲಿ ಮುನ್ನೂರ ತೊಂಬತ್ತೆರಡು ಮಂದಿ ಇದ್ದರು. ಎಣಿಸಿದವನು ಊರಿನ ಶಾಲೆಯ ಲೆಕ್ಕದ ಮೇಷ್ಟರಾದ ನಾನೇ ಆದ್ದರಿಂದ ಸಂಖ್ಯೆಯ ಬಗ್ಗೆ ಸಂಶಯ ಬೇಡ. ಇವರಲ್ಲಿ ನಲವತ್ತೊಂದು ಮಂದಿ ಕಥೆಯ ನಡುವೆ ಸಾಯುತ್ತಾರೆ. ಸತ್ತವರಲ್ಲಿ ಮೂವರು ಸತ್ತ ಮೇಲೂ ಮಾತನಾಡುತ್ತಾರೆ. ಅಂಥವರನ್ನು ಸತ್ತವರ ಕಡೆ ಬರೆಯುವುದೋ ಬದುಕಿರುವವರ ಕಡೆಯೋ ಎಂದು ಕೇಳಿದಾಗ ಪಿಳ್ಳಣ್ಣ, "ಎರಡೂ ಕಡೆ ಹಾಕ್ಬಿಡಿ ಮೇಷ್ಟ್ರೇ," ಎಂದ. ಲೆಕ್ಕ ಹಾಗೆ ನಡೆಯುವುದಿಲ್ಲ ಎಂದು ನಾನು ಹೇಳಿದೆ. ಕಥೆ ಹಾಗೇ ನಡೆಯುವುದು ಎಂದು ಅವನು ಹೇಳಿದ.

ಪಿಳ್ಳಣ್ಣ ಕುಂದಾಣ ಹೋಬಳಿಯ ನಮ್ಮ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಡೈರಿ ಆರಂಭವಾದ ವರ್ಷವೇ ಅವನು ಬರವಣಿಗೆಯನ್ನೂ ಆರಂಭಿಸಿದ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವಿನ ಬಿಡುವಿನಲ್ಲಿ ಇಪ್ಪತ್ತೇಳು ವರ್ಷ ಬರೆದು ಒಂಬತ್ತು ಸಂಪುಟಗಳನ್ನು ಮುಗಿಸಿದ್ದ. ಮಾಲೆಯ ಹೆಸರು 'ಏಳುಗಡಿಯ ಮಹಾವೃತ್ತಾಂತ'. ಅದರಲ್ಲಿ ಐದು ರಾಜ್ಯಗಳು, ಒಂದು ಮಾತನಾಡುವ ಬೆಟ್ಟ ಮತ್ತು ಹಾರುವ ಎಮ್ಮೆಗಳು ಇದ್ದವು. ಇಂಥ ಕಥೆಗಳಲ್ಲಿ ಬೆಂಕಿಯುಗುಳುವ ಸರ್ಪಗಳು ಹಾರುವುದು ವಾಡಿಕೆಯಂತೆ. ಪಿಳ್ಳಣ್ಣನಿಗೆ ಬಳಕೆಯಿದ್ದ ಪ್ರಾಣಿ ಎಮ್ಮೆ.

ಪ್ರತಿ ಸಂಪುಟವನ್ನೂ ದೊಡ್ಡಬಳ್ಳಾಪುರದ ಪ್ರೆಸ್ಸೊಂದರಲ್ಲಿ ಅಚ್ಚು ಹಾಕಿಸಿ, ಡೈರಿಯ ವಾರ್ಷಿಕ ಸಭೆಯ ದಿನ ಸದಸ್ಯರಿಗೆ ಕೊಡುವ ಸ್ಟೀಲ್ ಪಾತ್ರೆಯೊಳಗೆ ಇಟ್ಟು ಹಂಚುತ್ತಿದ್ದ. ಪಾತ್ರೆ ಬೇಕಾದವರು ಪುಸ್ತಕವನ್ನೂ ಒಯ್ಯಲೇಬೇಕಿತ್ತು. ಹೀಗಾಗಿ ಊರಿನ ಪ್ರತಿ ಮನೆಯಲ್ಲೂ ಕಾದಂಬರಿ ಇತ್ತು. ಓದಿದವರು ಒಬ್ಬರೂ ಇರಲಿಲ್ಲ. ದಪ್ಪ ಸಂಪುಟಗಳು ಗ್ರೈಂಡರಿನ ಕಾಲಿನಡಿ, ತೆಳುವಾದವು ನೀರಿನ ಕೊಳದಪ್ಪಲೆಯ ಮೇಲೆ ಮುಚ್ಚಳವಾಗಿ ಸೇವೆ ಸಲ್ಲಿಸುತ್ತಿದ್ದವು. ಒಂದು ಮನೆಯವರು ಮಾತ್ರ ತಮ್ಮ ಪಾಲಿಗೆ ಬಂದ ಸಂಪುಟಗಳನ್ನೆಲ್ಲ ನೆಲಮಂಗಲಕ್ಕೆ ಕೊಟ್ಟ ಮಗಳಿಗೆ ಹಪ್ಪಳ ಸಂಡಿಗೆಯ ಜೊತೆ ಸಾಗಹಾಕಿದ್ದರು. ಆ ಮಗಳ ಮಗಳು ಹರ್ಷಿತ ಅವನ್ನು ಓದಿಕೊಂಡು ಬೆಳೆದಳು. ಬೆಳೆದು, ವೆಬ್ ಸೀರೀಸ್ ತಯಾರಿಸುವ ಕಂಪನಿಯೊಂದರಲ್ಲಿ ಕಥೆ ಆರಿಸುವ ಕೆಲಸಕ್ಕೆ ಸೇರಿದಳು.

ಅವಳೇ ಅಂದು ಫೋನ್ ಮಾಡಿದ್ದು. "ಮಾವ, ನಿಮ್ಮ ಕಥೆ ಬಗ್ಗೆ ನಮ್ಮ ಡೈರೆಕ್ಟರ್ ಹತ್ರ ಹೇಳಿದೀನಿ. ಇಷ್ಟು ದೊಡ್ಡದು ಪರದೆ ಮೇಲೆ ನಿಲ್ಲುತ್ತಾ ಅಂತ ನೋಡೋಣ ಅಂದ್ರು. ಒಟ್ಟು ಎಷ್ಟು ಪಾತ್ರ ಇದೆ ಎಣಿಸಿ ಹೇಳಿ."

ಎಣಿಕೆ ಮುಗಿಯಿತು. ಸಂಜೆಯ ಹಾಲು ಅಳೆಯುತ್ತ ಪಿಳ್ಳಣ್ಣ ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ ಬುಕ್ಕು ಪರದೆ ಮೇಲೆ ಬರ್ತಾ ಐತೆ." ಹರ್ಷಿತಳ ಮಾತಿನಲ್ಲಿದ್ದ ಪ್ರಶ್ನೆಯನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ. ಮುಂದಿನ ಅನಾಹುತಗಳಿಗೆಲ್ಲ ಬೀಜ ಇಷ್ಟೇ.

ಮರುದಿನ ಊರಿನ ಗ್ರೈಂಡರುಗಳೆಲ್ಲ ಒಂದು ಕಡೆಗೆ ವಾಲಿದವು. ಸಂಪುಟಗಳು ಹೊರಬಿದ್ದಿದ್ದವು. ಎರಡು ದಿನ ಕಳೆದ ಮೇಲೆ ಮೂರನೆಯ ಬೀದಿಯ ಸೊಣ್ಣಮ್ಮ ಹಾಲಿನ ಕ್ಯಾನನ್ನು ಡೈರಿಯ ಕಟ್ಟೆಯ ಮೇಲೆ ಇಟ್ಟು ಸೊಂಟದ ಮೇಲೆ ಕೈ ಇಟ್ಟಳು.

"ಪಿಳ್ಳಣ್ಣ, ಮೂರನೇ ಬುಕ್ಕಲ್ಲಿ ಒಂದೇ ಹಲ್ಲಿನ ಮಾಟಗಾತಿ ಬರ್ತಾಳಲ್ಲ, ಅದು ನಾನೇ ತಾನೆ?"

ಪಿಳ್ಳಣ್ಣ ಹಾಲಿನ ಗಟ್ಟಿ ನೋಡುವ ಲ್ಯಾಕ್ಟೋಮೀಟರನ್ನು ಖಾಲಿ ಕ್ಯಾನಿಗೆ ಇಳಿಬಿಟ್ಟ. "ಇಲ್ಲ ಸೊಣ್ಣಕ್ಕ, ಅದು ಬರೀ ಕಲ್ಪನೆ."

"ಸುಳ್ಳು ಹೇಳ್ಬೇಡ. ಅವಳ ಮನೆ ಮುಂದೆ ನುಗ್ಗೆ ಮರ ಐತೆ, ನನ್ ಮನೆ ಮುಂದೂ ಐತೆ. ಅವಳು ಬಾಯಿ ಬಿಟ್ರೆ ಊರೇ ಖಾಲಿ ಆಗುತ್ತೆ ಅಂತ ಬರ್ದಿದೀಯ."

"ತಪ್ಪಾಯ್ತು ಸೊಣ್ಣಕ್ಕ."

"ತಪ್ಪು ಯಾಕಪ್ಪ, ಚೆನ್ನಾಗೈತೆ. ಆದ್ರೆ ಐದನೇ ಬುಕ್ಕಲ್ಲಿ ನಾನಿಲ್ಲ. ಎಲ್ಲಿಗೆ ಕಳ್ಸಿದ್ದೆ ನನ್ನ?"

ಪಿಳ್ಳಣ್ಣನಿಗೆ ಅದು ಗೊತ್ತಿರಲಿಲ್ಲ. ಸಂಜೆಯೊಳಗೆ ಹೇಳುವುದಾಗಿ ಸಮಯ ಕೇಳಿದ.

ವಾರ ಮುಗಿಯುವುದರೊಳಗೆ ಊರಿನವರೆಲ್ಲ ಕಾದಂಬರಿಯಲ್ಲಿ ತಮ್ಮನ್ನು ತಾವು ಪತ್ತೆ ಹಚ್ಚಿಕೊಂಡಿದ್ದರು. ಮಾತನಾಡುವ ಬೆಟ್ಟ ತಮ್ಮ ತಂದೆಯೇ ಎಂದು ಎರಡು ಮನೆಯವರು ಜಗಳವಾಡಿದರು. ಹೇಡಿ, ದ್ರೋಹಿ, ಹೊಟ್ಟೆಬಾಕ ಎಂದು ವರ್ಣಿತರಾದವರೂ ಬೇಸರಗೊಳ್ಳಲಿಲ್ಲ. ತಮಗೆ ಎಷ್ಟು ಪುಟ ಬಂದಿದೆ ಎಂಬುದಷ್ಟೇ ಅವರ ಚಿಂತೆಯಾಗಿತ್ತು.

ಆಗ ಹರ್ಷಿತಳ ಎರಡನೆಯ ಫೋನ್ ಬಂದಿತು. "ಮಾವ, ಹನ್ನೆರಡು ಪಾತ್ರಕ್ಕಿಂತ ಜಾಸ್ತಿ ಆಗಲ್ವಂತೆ. ಮಿಕ್ಕೋರನ್ನ ತೆಗೀಬೇಕು. ಯಾರ್ಯಾರು ಇರ್ಬೇಕು ಅಂತ ನೀವೇ ಯೋಚ್ನೆ ಮಾಡಿ. ಇಪ್ಪತ್ತೈದನೇ ತಾರೀಖು ಡೈರೆಕ್ಟರನ್ನ ಕರ್ಕೊಂಡ್ ಬರ್ತೀನಿ." ಪಿಳ್ಳಣ್ಣನ ಫೋನು ಸದಾ ಸ್ಪೀಕರಿನಲ್ಲೇ ಇರುವ ಕಾರಣ ಈ ಸಂಗತಿ ಅವನಿಗೆ ತಿಳಿದ ಕ್ಷಣದಲ್ಲೇ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದವರಿಗೂ ತಿಳಿಯಿತು.

ನಮ್ಮ ಊರಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಪ್ರತಿ ಶಿವರಾತ್ರಿಗೆ ಇಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಪಾತ್ರ ಬೇಕಾದವನು ನಾಟಕದ ಮೇಷ್ಟರ ಕೈಗೆ ಎಲೆ ಅಡಿಕೆ ಕೊಡುತ್ತಾನೆ. ಮೇಷ್ಟರು ಅದನ್ನು ಹಿಡಿದರೆ ಮುಗಿಯಿತು, ಕೇಳಿದ್ದನ್ನು ಕೊಡಲೇಬೇಕು. ಎಲೆ ಹಿಡಿದ ಮೇಲೆ ಇಲ್ಲ ಎಂದವರು ನಮ್ಮ ಊರಿನ ಚರಿತ್ರೆಯಲ್ಲಿ ಇಲ್ಲ. ವೆಬ್ ಸೀರೀಸಿಗೂ ಇದೇ ಕ್ರಮವಿರಬೇಕೆಂದು ಊರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪಿಳ್ಳಣ್ಣನೂ ಹಾಗೇ ಭಾವಿಸಿದ್ದು ಆಶ್ಚರ್ಯ.

ಮೊದಲು ಬಂದವನು ಅಪ್ಪಯ್ಯಣ್ಣ. ಅವನು ಡೈರಿಯ ಅಧ್ಯಕ್ಷ, ಊರಿನ ದೊಡ್ಡ ಹಿಡುವಳಿದಾರ, ಮತ್ತು ಶಿವರಾತ್ರಿಯ ನಾಟಕದಲ್ಲಿ ಗದೆ ಹಿಡಿದು ಗರ್ಜಿಸಿ ಕೊನೆಗೆ ತೊಡೆ ಮುರಿದುಕೊಂಡು ಸಾಯುವ ರಾಜನ ಪಾತ್ರಧಾರಿ.

"ಲೇ ಪಿಳ್ಳ, ಹಿಡಿ."

"ಏನಿದು ಅಪ್ಪಯ್ಯಣ್ಣ?"

"ಕಾಣಲ್ವ? ಎಲೆ. ಆ ಉಗ್ರಬಾಹು ಅನ್ನೋ ರಾಜ ನಾನೇ ಅಂತ ಊರಿಗೇ ಗೊತ್ತಾಗೈತೆ. ನನ್ನ ಬಿಟ್ಟು ಅದೆಂಗೆ ತೆಗೀತಾರೋ ನೋಡ್ತೀನಿ."

"ಅವನು ನಾಲ್ಕನೇ ಸಂಪುಟದಲ್ಲೇ ಕೋಟೆ ಮೇಲಿಂದ ಬಿದ್ದು ಸಾಯ್ತಾನಲ್ಲ."

"ಸಾಯ್ಲಿ ಬಿಡು. ವರ್ಷಾ ವರ್ಷ ಶಿವರಾತ್ರೀಲಿ ತೊಡೆ ಮುರ್ಕೊಂಡು ಸಾಯ್ತೀನಿ, ಮಾರನೇ ದಿನ ಬಂದು ಹಾಲು ಹಾಕಲ್ವ ನಾನು?"

ಪಿಳ್ಳಣ್ಣ ಎಲೆ ಹಿಡಿದ. ಅಧ್ಯಕ್ಷರ ಎಲೆ ಹಿಡಿದ ಮೇಲೆ ಸೊಣ್ಣಮ್ಮನ ಎಲೆ ಬೇಡವೆನ್ನುವುದು ಹೇಗೆ? ಸೊಣ್ಣಮ್ಮನದನ್ನು ಹಿಡಿದ ಮೇಲೆ ಅವಳ ವಾರಗಿತ್ತಿಯದು? ಅವನು ಎಲ್ಲಿ ಹೋದರೂ ಯಾರಾದರೊಬ್ಬರು ಎಲೆ ಚಾಚುತ್ತಿದ್ದರು. ಹಿತ್ತಲಿನ ಕಡೆಯಿಂದ ತಪ್ಪಿಸಿಕೊಂಡರೆ ಹಿತ್ತಲಲ್ಲೂ ಇಬ್ಬರು ನಿಂತಿರುತ್ತಿದ್ದರು. ಒಂದು ಕಡೆ ಕುಳಿತು ಊಟ ಮಾಡುವುದನ್ನೂ ಬಿಟ್ಟು, ಮುದ್ದೆಯನ್ನು ಕೈಯಲ್ಲಿ ಹಿಡಿದು ಓಡಾಡುತ್ತಲೇ ತಿನ್ನತೊಡಗಿದ. ಎಲೆಗಳನ್ನು ಡೈರಿಗೆ ಅಂಟಿಕೊಂಡಿದ್ದ ತನ್ನ ಮನೆಯ ಜಗಲಿಯ ಮೇಲೆ ಗುಡ್ಡೆ ಹಾಕಿದ್ದ. ಮನೆಯ ಮೇಕೆ ಮೊದಲ ದಿನವೇ ಹದಿನಾಲ್ಕು ಪಾತ್ರಗಳನ್ನು ತಿಂದಿತು.

ಶುಕ್ರವಾರದ ವೇಳೆಗೆ ಹನ್ನೆರಡು ಸ್ಥಾನಗಳಿಗೆ ಅರವತ್ತನಾಲ್ಕು ಎಲೆ ಸಂದಿದ್ದವು. ಪಿಳ್ಳಣ್ಣನ ಹೆಂಡತಿ ಅಕ್ಕಯಮ್ಮನವರು ಮಜ್ಜಿಗೆ ಕಡೆಯುತ್ತ ಇದನ್ನೆಲ್ಲ ನೋಡಿದ್ದರು.

"ಹನ್ನೆರಡು ಜನದ ಗಾಡಿಗೆ ಅರವತ್ನಾಲ್ಕು ಜನಾನ ಹತ್ತಿಸ್ಕೊಂಡಿದೀರ. ಇಳ್ಸೋರು ಯಾರು?"

"ಬೇಡ ಅಂದ್ರೆ ಬೇಜಾರ್ ಮಾಡ್ಕೋತಾರೆ ಕಣೇ."

"ನನ್ನ ಯಾವ ಪಾತ್ರ ಮಾಡಿದೀರ?"

ಪಿಳ್ಳಣ್ಣ ಜಗಲಿಯಿಂದ ಬಾಗಿಲಿಗೆ, ಬಾಗಿಲಿನಿಂದ ಜಗಲಿಗೆ ಎರಡು ಬಾರಿ ನಡೆದ. "ನೀನು... ನೀನಿಲ್ಲ."

"ಅಷ್ಟು ಜನದಾಗೆ?"

"ಎಲ್ಲೂ ಜಾಗ ಆಗ್ಲಿಲ್ಲ."

ಅಕ್ಕಯಮ್ಮನವರ ಕಡೆಗೋಲು ಜೋರಾಗಿ ತಿರುಗಿತು.

ಅರವತ್ತನಾಲ್ಕರಲ್ಲಿ ಹನ್ನೆರಡನ್ನು ಕಳೆದರೆ ಐವತ್ತೆರಡು ಎಂಬುದು ಎಲೆ ಕೊಟ್ಟವರಿಗೂ ಹೊಳೆಯಿತು. ಆ ಐವತ್ತೆರಡರಲ್ಲಿ ತಾನೂ ಇರಬಹುದೆಂದು ಅರವತ್ತನಾಲ್ಕು ಮಂದಿಯೂ ಶಂಕಿಸಿದರು. ಶನಿವಾರ ಬೆಳಿಗ್ಗೆ ಅರ್ಧ ಊರಿನ ಹಾಲು ಡೈರಿಗೆ ಬರದೆ, ರಸ್ತೆಯಲ್ಲಿ ನಿಲ್ಲುವ ಖಾಸಗಿ ವ್ಯಾನಿಗೆ ಹೋಯಿತು. "ಮೊದ್ಲು ನಮ್ ಪಾತ್ರ ಖಾತ್ರಿ ಮಾಡು, ಆಮೇಲೆ ಹಾಲು," ಎಂದು ಹೇಳಿಕಳಿಸಿದರು. ಖಾಲಿ ಕ್ಯಾನುಗಳ ನಡುವೆ ಪಿಳ್ಳಣ್ಣ ಸುತ್ತು ಹೊಡೆಯುತ್ತಿದ್ದ. "ಡೈರೆಕ್ಟರ್ ಒಪ್ಕೊಂಬಿಟ್ರೆ ಎಲ್ಲಾ ಸರಿ ಹೋಗುತ್ತೆ ಮೇಷ್ಟ್ರೇ. ಒಪ್ಲಿಲ್ಲ ಅಂದ್ರೆ ಬುಕ್ಕೂ ಹೋಯ್ತು, ಡೈರೀನೂ ಹೋಯ್ತು," ಎಂದ.

ಇಪ್ಪತ್ತೈದನೆಯ ತಾರೀಖು ಡೈರಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹರ್ಷಿತಳ ಜೊತೆ ಬಂದ ಡೈರೆಕ್ಟರು ಸುನಿಲ್‌ಕುಮಾರ್ ಸಣಕಲು ಯುವಕ. ಒಂಬತ್ತೂ ಸಂಪುಟಗಳನ್ನು ಓದಿ ಮುಗಿಸಿದ್ದು ಅವನ ಕಣ್ಣುಗಳಲ್ಲೇ ಕಾಣುತ್ತಿತ್ತು. ಪಿಳ್ಳಣ್ಣನೊಬ್ಬನ ಜೊತೆ ಕುಳಿತು ಮಾತನಾಡಬಹುದೆಂದು ಬಂದವನು ಊರೆಲ್ಲ ನೆರೆದಿದ್ದನ್ನು ಕಂಡು ಕಾರಿನಲ್ಲೇ ಸ್ವಲ್ಪ ಹೊತ್ತು ಕುಳಿತಿದ್ದ. ಮುಂದಿನ ಸಾಲಿನಲ್ಲಿ ಅಪ್ಪಯ್ಯಣ್ಣ ಬಣ್ಣದ ಮೀಸೆ ಬರೆದುಕೊಂಡು, ಚಿನ್ನದ ಕಾಗದ ಸುತ್ತಿದ ತನ್ನ ಗದೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ.

ಸುನಿಲ್‌ಕುಮಾರ್ ವಿನಯದಿಂದಲೇ ಆರಂಭಿಸಿದ. "ಸರ್, ಹತ್ತು ಸಾವಿರ ಎಮ್ಮೆಗಳು ಆಕಾಶಕ್ಕೆ ಹಾರಿದವು ಅಂತ ನೀವು ಒಂದು ಸಾಲಲ್ಲಿ ಬರ್ದಿದೀರ. ಪರದೆ ಮೇಲೆ ಅಷ್ಟೂ ಎಮ್ಮೆ ಹಾರ್ಲೇಬೇಕು."

"ಹಾರ್ಸು!" ಎಂದ ಅಪ್ಪಯ್ಯಣ್ಣ. "ನಾವು ಹದಿನೆಂಟು ದಿನದ ಯುದ್ಧಾನ ಎರಡು ಬೆಂಚಿನ ಮೇಲೆ ಮುಗಿಸ್ತೀವಿ. ಇಗೋ ಸೈನ್ಯ ಅಂದ್ರೆ ಸೈನ್ಯ. ಜನ ನಂಬಲ್ವ?"

"ಯಜಮಾನ್ರೇ, ನಾಟಕದಲ್ಲಿ ಹೇಳಿದ್ದನ್ನೂ ನಂಬ್ತಾರೆ. ಪರದೆ ಮೇಲೆ ಕಣ್ಣಾರೆ ಕಂಡಿದ್ದನ್ನೂ ಅನುಮಾನ ಪಡ್ತಾರೆ."

"ಹಂಗಾದ್ರೆ ಅದು ಜನದ್ ತಪ್ಪು. ಅವರನ್ನ ತೆಗಿ, ಪಾತ್ರ ಯಾಕೆ ತೆಗೀತೀಯ?"

"ಅರವತ್ನಾಲ್ಕು ಜನಕ್ಕೂ ಎಲೆ ಸಂದೈತೆ," ಎಂದಳು ಸೊಣ್ಣಮ್ಮ. ಸುನಿಲ್‌ಕುಮಾರ್ ಹರ್ಷಿತಳ ಮುಖ ನೋಡಿದ. ಹರ್ಷಿತ ಪಿಳ್ಳಣ್ಣನ ಮುಖ ನೋಡಿದಳು. ಪಿಳ್ಳಣ್ಣ ಮೇಕೆಯನ್ನು ನೋಡಿದ.

ಒಂದು ಕಂತಿಗೆ ನಲವತ್ತು ನಿಮಿಷ, ಒಟ್ಟು ಎಂಟು ಕಂತು ಎಂದು ಸುನಿಲ್‌ಕುಮಾರ್ ಹೇಳಿದಾಗ ನಾನು ಎದ್ದು ನಿಂತು ಲೆಕ್ಕ ಒಪ್ಪಿಸಿದೆ. ಮುನ್ನೂರ ಇಪ್ಪತ್ತು ನಿಮಿಷವನ್ನು ಸೆಕೆಂಡು ಮಾಡಿ ಮುನ್ನೂರ ತೊಂಬತ್ತೆರಡರಿಂದ ಭಾಗಿಸಿದರೆ ಒಬ್ಬರಿಗೆ ನಲವತ್ತೊಂಬತ್ತು ಸೆಕೆಂಡು, ಕೂದಲೆಳೆಯಷ್ಟು ಕಡಿಮೆ. ಯಾರನ್ನೂ ತೆಗೆಯುವ ಅಗತ್ಯವಿಲ್ಲ.

"ನಲವತ್ತೊಂಬತ್ತು ಸೆಕೆಂಡ?" ಎಂದಳು ಸೊಣ್ಣಮ್ಮ. "ನಾನು ಬಾಯಿ ತೆರೆಯೋಕೇ ಅಷ್ಟು ಬೇಕು."

ಸುನಿಲ್‌ಕುಮಾರ್ ಒಂಬತ್ತು ಸಂಪುಟಗಳನ್ನು ಒಂದರ ಮೇಲೊಂದು ಜೋಡಿಸಿದ. "ಕ್ಷಮಿಸಿ ಸರ್. ಆಗಲ್ಲ. ಎಮ್ಮೆ ಬೇಕಾದ್ರೂ ಹಾರಿಸ್ಬೋದು. ಆದ್ರೆ ನೋಡೋನಿಗೆ ಒಂದು ಪ್ರಶ್ನೆ ಬೇಕು. ಅದಕ್ಕೆ ಉತ್ತರ ಸಿಗೋವರ್ಗೂ ಅವನು ಎದ್ದು ಹೋಗ್ಬಾರ್ದು. ಐದು ರಾಜ್ಯ ಸುತ್ತಿದ್ರೂ ಆ ಪ್ರಶ್ನೆ ಯಾವುದು ಅಂತ ನನ್ಗೆ ಸಿಕ್ಕಿಲ್ಲ."

ಅಂಗಳದಲ್ಲಿ ಗದ್ದಲವೆದ್ದಿತು. ಒಬ್ಬರು ಖಾಸಗಿ ವ್ಯಾನಿನವನಿಗೆ ಫೋನ್ ಮಾಡಿ ನಾಳೆಯಿಂದ ದೊಡ್ಡ ಕ್ಯಾನು ತರಲು ಹೇಳಿದರು. ಪಿಳ್ಳಣ್ಣ ಏಳುತ್ತಿದ್ದ, ಕೂರುತ್ತಿದ್ದ, ಮತ್ತೆ ಏಳುತ್ತಿದ್ದ.

"ನನ್ಗೆ ಚಿಕ್ಕಂದಿನಿಂದ ಒಂದು ಪ್ರಶ್ನೆ ಇತ್ತು," ಎಂದಳು ಹರ್ಷಿತ. "ಆ ಚೊಂಬು ಏನಾಯ್ತು ಮಾವ?"

"ಯಾವ ಚೊಂಬು?"

"ಮೊದಲನೇ ಪುಟದ್ದು! ಹೀರೋ ಅರುಣಶಿಖ ಬಾಯಾರಿ ಒಂದು ಗುಡಿಸಲ ಮುಂದೆ ನಿಲ್ತಾನೆ. ಒಬ್ಬ ಅಜ್ಜಿ ಹಿತ್ತಾಳೆ ಚೊಂಬಲ್ಲಿ ಮಜ್ಜಿಗೆ ಕೊಡ್ತಾಳೆ. ಅಷ್ಟರಲ್ಲಿ ಶತ್ರುಗಳು ಬರ್ತಾರೆ, ಅವನು ಚೊಂಬು ಹಿಡ್ಕೊಂಡೇ ಎಮ್ಮೆ ಹತ್ತಿ ಹಾರಿ ಹೋಗ್ತಾನೆ. ಚೊಂಬು ಕೊಟ್ಟು ಹೋಗಪ್ಪ ಅಂತ ಅಜ್ಜಿ ಕೂಗ್ತಾಳೆ. ಅವನು ಐದು ರಾಜ್ಯ ಗೆದ್ದ, ಚೊಂಬು ಮಾತ್ರ ಕೊಡ್ಲೇ ಇಲ್ಲ."

ಎಲ್ಲರಿಗೂ ಮಜ್ಜಿಗೆ ಹಂಚುತ್ತಿದ್ದ ಅಕ್ಕಯಮ್ಮನವರು ತಟ್ಟೆ ಹಿಡಿದು ನಿಂತರು. "ಅದನ್ನೇ ನಾನೂ ಇಪ್ಪತ್ತೇಳು ವರ್ಷದಿಂದ ಕೇಳ್ತಾ ಇದೀನಿ."

ವ್ಯಾನಿನವನ ಜೊತೆ ಮಾತನಾಡುತ್ತಿದ್ದವರೂ ಫೋನ್ ಇಟ್ಟು ಇತ್ತ ತಿರುಗಿದರು.

"ಅತ್ತೆ, ಆ ಅಜ್ಜಿ ನೀವೇನಾ?" ಎಂದಳು ಹರ್ಷಿತ.

"ಗೊತ್ತಿಲ್ಲಮ್ಮ. ನಾನು ಕಥೇಲಿ ಇಲ್ವಂತೆ. ಚೊಂಬು ಮಾತ್ರ ನಂದು."

ಇಲ್ಲಿ ನನ್ನ ಲೆಕ್ಕವನ್ನು ತಿದ್ದಬೇಕಾಗಿದೆ. ನಾನು ಹೆಸರಿದ್ದವರನ್ನಷ್ಟೇ ಎಣಿಸಿದ್ದೆ. ಆ ಅಜ್ಜಿಗೆ ಹೆಸರಿರಲಿಲ್ಲ. ಸರಿಯಾದ ಮೊತ್ತ ಮುನ್ನೂರ ತೊಂಬತ್ತಮೂರು.

ಸುನಿಲ್‌ಕುಮಾರ್ ಜೋಡಿಸಿದ್ದ ಸಂಪುಟಗಳಲ್ಲಿ ಮೊದಲನೆಯದನ್ನು ತಳದಿಂದ ಎಳೆದ. ಉಳಿದ ಎಂಟೂ ಉರುಳಿದವು. "ಇದೇ ಸರ್! ಅವನು ರಾಜ್ಯ ಗೆಲ್ಲೋಕೆ ಹೋಗೋದೇ ಬೇಡ. ಚೊಂಬು ವಾಪಸ್ ಕೊಡೋಕೆ ಹೊರಡ್ಲಿ. ಆದ್ರೆ ಇಷ್ಟು ಜನಾನ ಎಲ್ಲಿ ಹಾಕೋದು?"

"ಅವನಿಗೆ ದಾರಿ ಮರ್ತೋಗಿರುತ್ತೆ," ಎಂದರು ಅಕ್ಕಯಮ್ಮನವರು. "ಆ ಮುದುಕಿ ಮನೆ ಎಲ್ಲಿ ಅಂತ ಸಿಕ್ಕೋರ್ನೆಲ್ಲ ಕೇಳ್ಬೇಕು. ಒಬ್ಬೊಬ್ರು ಒಂದೊಂದು ದಿಕ್ಕು ತೋರಿಸ್ತಾರೆ. ದಾರಿ ಹೇಳೋಕೆ ಮೇಷ್ಟ್ರು ಹೇಳ್ದಷ್ಟು 'ಸೆಕೆಂಡು' ಸಾಲಲ್ವ?"

ಸಾಲುತ್ತದೆ. ನಾನು ಅಲ್ಲೇ ಭಾಗಿಸಿ ನೋಡಿದೆ. ಒಬ್ಬರು ಹೆಚ್ಚಾದರೂ ಸೆಕೆಂಡು ಅಷ್ಟೇ ಉಳಿಯಿತು. ಸೊಣ್ಣಮ್ಮ ಆಗಲೇ ಎದ್ದು ಪೂರ್ವಕ್ಕೆ ಕೈ ತೋರಿಸಿ ಅಭ್ಯಾಸ ಮಾಡತೊಡಗಿದಳು.

"ಕೊನೆಗೆ ಚೊಂಬು ಅಜ್ಜಿ ಕೈಗೆ ಬರ್ಬೇಕು, ಅವಳು ಒಂದು ಮಾತು ಹೇಳ್ಬೇಕು," ಎಂದ ಸುನಿಲ್‌ಕುಮಾರ್. "ಅದೊಂದು ಬರ್ಕೊಡಿ ಸರ್. ಕಂಪನಿ ಮುಂದೆ ಇಟ್ಟು ನಾನು ಹೊಡೆದಾಡ್ತೀನಿ."

"ಈಗ್ಲೇ ಬರೀತೀನಿ," ಎಂದು ಪಿಳ್ಳಣ್ಣ ಪೆನ್ನು ತೆಗೆದ.

"ಬರೀಬೇಡಿ," ಎಂದರು ಅಕ್ಕಯಮ್ಮನವರು. "ಬರದೇ ಇರೋದನ್ನ ಬಂತು ಅಂತ ಬರೆಯೋಕೆ ನಾನು ಬಿಡಲ್ಲ. ಮೊದ್ಲು ನನ್ ಚೊಂಬು ಬರ್ಲಿ, ಆಮೇಲೆ ಆ ಮುದುಕೀದು."

"ನಿಜವಾದ ಚೊಂಬು ಎಲ್ಲಿದೆ ಸರ್?" ಎಂದ ಸುನಿಲ್‌ಕುಮಾರ್.

ಪಿಳ್ಳಣ್ಣ ಶಾಮಿಯಾನ ನೋಡಿದ. ನೆಲ ನೋಡಿದ. ಕೊನೆಗೆ ತಡೆಯಲಾರದೆ ಅಪ್ಪಯ್ಯಣ್ಣನ ಹೆಗಲ ಮೇಲಿದ್ದ ಗದೆಯ ತಲೆಯನ್ನು ನೋಡಿದ. ಅಂಗಳದ ಕಣ್ಣುಗಳೆಲ್ಲ ಅಲ್ಲಿಗೇ ಹೋದವು. ಗದೆಯ ತಲೆ ದುಂಡಗಿತ್ತು, ತುದಿ ಮಟ್ಟಸವಾಗಿತ್ತು. ಚಿನ್ನದ ಕಾಗದದೊಳಗೆ ತಲೆಕೆಳಗಾದ ಚೊಂಬಿನ ಆಕಾರವನ್ನು ಊರು ಅಂದೇ ಮೊದಲು ಗಮನಿಸಿತು.

"ಡೈರಿ ಶುರುವಾದಾಗ ಅಳತೆ ಲೀಟರು ಬಂದಿರ್ಲಿಲ್ಲ," ಎಂದ ಪಿಳ್ಳಣ್ಣ ಕ್ಷೀಣವಾಗಿ. "ಹಾಲು ಅಳೆಯೋಕೆ ಇವಳ ಚೊಂಬು ತಂದು ಇಟ್ಕೊಂಡಿದ್ದೆ. ಆ ಶಿವರಾತ್ರಿ ಅಪ್ಪಯ್ಯಣ್ಣನ ಗದೆ ತಲೆ ಒಡೆದೋಯ್ತು. ನಾಳೆ ಕೊಡ್ತೀನಿ ಅಂತ ತಗೊಂಡೋದ್ರು. ಅಧ್ಯಕ್ಷರನ್ನ ಹೆಂಗೆ ಕೇಳೋದು?"

"ನನ್ಗೆ ಕಳ್ಳ ಹೊತ್ಕೊಂಡೋದ ಅಂದಿದ್ರಲ್ಲ!"

"ಕಳ್ಳ ಅಂದೆ. ಹೆಸ್ರು ಹೇಳ್ಲಿಲ್ಲ."

"ಲೇ ಪಿಳ್ಳ!" ಎಂದು ಅಪ್ಪಯ್ಯಣ್ಣ ಗರ್ಜಿಸಿದ, ಅರ್ಧ ಮೀಸೆ ಬೆವರಿಗೆ ಇಳಿದಿತ್ತು. "ಇದು ಗದೆ! ಚೊಂಬು ಅನ್ನೋಕೆ ಏನ್ ಗುರುತು?"

"ಕಂಠದ ಮೇಲೆ ನಮ್ಮಪ್ಪನ ಹೆಸ್ರು ಹೊಡ್ಸೈತೆ. ಬೂದಿಗೆರೆ ಮುನಿಶಾಮಪ್ಪ ಅಂತ. ಕಾಗದ ಕೀಳಿ, ನೋಡೋಣ," ಎಂದರು ಅಕ್ಕಯಮ್ಮನವರು.

"ಶಿವರಾತ್ರಿಗೆ ಇನ್ನು ಹನ್ನೆರಡು ದಿನ ಐತೆ. ಕಾಗದ ಕಿತ್ರೆ ಪಾತ್ರ ಕೆಡುತ್ತೆ. ಆಗಲ್ಲ ತಾಯಿ."

ಅಕ್ಕಯಮ್ಮನವರು ಮನೆಯ ಜಗಲಿಗೆ ಹೋದರು, ಮೇಕೆ ಬಿಟ್ಟಿದ್ದ ಎಲೆಗಳಲ್ಲಿ ಎರಡನ್ನು ಆರಿಸಿ, ಒರೆಸಿ, ಅಡಿಕೆ ಇಟ್ಟು, ತಟ್ಟೆಯಲ್ಲಿ ತಂದು ಅಪ್ಪಯ್ಯಣ್ಣನ ಮುಂದೆ ಚಾಚಿದರು.

"ತಗೊಳಿ ಅಪ್ಪಯ್ಯಣ್ಣ. ಎಲ್ರೂ ನಮ್ಮೆಜಮಾನ್ರಿಗೇ ಕೊಟ್ರು. ಉಗ್ರಬಾಹು ಮಹಾರಾಜ್ರಿಗೆ ಯಾರೂ ಕೊಡ್ಲಿಲ್ಲ."

ಅಪ್ಪಯ್ಯಣ್ಣನ ಎದೆ ಉಬ್ಬಿತು. ಡೈರೆಕ್ಟರ್ ನೋಡುತ್ತಿರುವನೇ ಎಂದು ಖಚಿತಪಡಿಸಿಕೊಂಡು ಎರಡೂ ಕೈಗಳಿಂದ ಎಲೆ ಹಿಡಿದ.

"ಹಿಡಿದ್ರಾ?"

"ಹಿಡಿದೆ."

"ನನ್ ಚೊಂಬು ಕೊಡಿ."

ಅಪ್ಪಯ್ಯಣ್ಣ ಕೈಯಲ್ಲಿದ್ದ ಎಲೆ ನೋಡಿದ, ಹಿಂದಕ್ಕೆ ಕೊಡಲು ತಟ್ಟೆ ಹುಡುಕಿದ. ತಟ್ಟೆ ಅಕ್ಕಯಮ್ಮನವರ ಬೆನ್ನ ಹಿಂದೆ ಹೋಗಿತ್ತು.

"ಎಲೆ ಹಿಡಿದಾಯ್ತು ಅಪ್ಪಯ್ಯಣ್ಣ," ಎಂದಳು ಸೊಣ್ಣಮ್ಮ. "ಈಗ ಇಲ್ಲ ಅಂದ್ರೆ ಪಿಳ್ಳಣ್ಣ ಹಿಡಿದಿದ್ದೂ ಇಲ್ಲ ಅಂದಂಗೆ. ನಿನ್ ಪಾತ್ರಾನೂ ಹೋಯ್ತು, ನಮ್ದೂ ಹೋಯ್ತು." ಅರವತ್ತಮೂರು ಮಂದಿ ಒಂದು ಹೆಜ್ಜೆ ಮುಂದೆ ಬಂದರು.

ಅಪ್ಪಯ್ಯಣ್ಣ ಗದೆ ಇಳಿಸಿ ಎಳೆದ. ಬರಲಿಲ್ಲ. ಚೊಂಬನ್ನು ಇಬ್ಬರು, ಬಿದಿರನ್ನು ಮೂವರು ಹಿಡಿದು ಎಳೆದರು. ಇಪ್ಪತ್ತೇಳು ವರ್ಷದ ಟಾರು ಮತ್ತು ಗೋಂದು ಅಲ್ಲಾಡಲಿಲ್ಲ. ಚಿನ್ನದ ಕಾಗದ ಮಾತ್ರ ಹರಿದು, ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಬೂದಿಗೆರೆ ಮುನಿಶಾಮಪ್ಪನವರು ಕಾಣಿಸಿಕೊಂಡರು. ಸುನಿಲ್‌ಕುಮಾರ್ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರಿಸಿಕೊಳ್ಳುತ್ತಿದ್ದ.

"ಬಿಡಿ, ಹಂಗೇ ಇರ್ಲಿ," ಎಂದು ಅಕ್ಕಯಮ್ಮನವರು ಗದೆಯನ್ನು ಹಾಗೆಯೇ ಹೆಗಲಿಗೇರಿಸಿ ಮನೆಯ ಕಡೆ ನಡೆದರು. ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಅಪ್ಪಯ್ಯಣ್ಣನಿಗೆ ಅಂಥ ದಾರಿಯನ್ನು ಊರು ಎಂದೂ ಬಿಟ್ಟಿರಲಿಲ್ಲ.

ಆ ಸಂಜೆ ಊರಿನ ಹಾಲೆಲ್ಲ ಡೈರಿಗೆ ಬಂದಿತು. ಹಾಲು ಕಳಿಸಿ ಬಂದ ಪಿಳ್ಳಣ್ಣ ಜಗಲಿಯ ಮೇಲೆ ಬರೆಯಲು ಕುಳಿತ. ಒಂದು ಸಾಲು ಬರೆದು ಎದ್ದ, ಅಂಗಳ ಸುತ್ತಿದ, ಕುಳಿತ, ಮತ್ತೆ ಎದ್ದ. ಕೊನೆಗೆ ಒಳಗೆ ಇಣುಕಿದ.

"ಲೇ, ಅಷ್ಟು ವರ್ಷ ಆದ್ಮೇಲೆ ಅವನು ಬಾಗಿಲಿಗೆ ಬಂದ. ಚೊಂಬು ನೀಡ್ದ. ಆ ಅಜ್ಜಿ ಏನಂತಾಳೆ?"

"ತೊಳ್ದು ಕೊಡು ಅಂತಾಳೆ."

ಪಿಳ್ಳಣ್ಣ ಓಡಿ ಹೋಗಿ ಅದನ್ನು ಬರೆದ. ಬರೆದು ತಲೆಯೆತ್ತಿದಾಗ ಅಕ್ಕಯಮ್ಮನವರು ಗದೆಯನ್ನು ಮುಂದೆ ನೀಡಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಹುಣಸೆಹಣ್ಣು ಇತ್ತು. ಅವನು ಪೆನ್ನು ಇಟ್ಟು ನಲ್ಲಿಯ ಕಡೆ ನಡೆದ.

ಆ ಒಂದು ಸಾಲಿಗೆ ಹರ್ಷಿತ ಮತ್ತು ಸುನಿಲ್‌ಕುಮಾರ್ ಇಬ್ಬರೂ ಒಪ್ಪಿದರು. ಕಂಪನಿಯವರು ಇನ್ನೂ ಎಮ್ಮೆಗಳ ಬಗ್ಗೆ ಯೋಚಿಸುತ್ತಿದ್ದಾರೆ. ಶಿವರಾತ್ರಿಯ ನಾಟಕದಲ್ಲಿ ಅಪ್ಪಯ್ಯಣ್ಣ ಡೈರಿಯ ಒಂದು ಲೀಟರ್ ಅಳತೆಯನ್ನು ಕೋಲಿಗೆ ಸಿಕ್ಕಿಸಿಕೊಂಡು ಗರ್ಜಿಸಿ, ಕ್ರಮದಂತೆ ತೊಡೆ ಮುರಿದುಕೊಂಡು ಸತ್ತು, ಮರುದಿನ ಬೆಳಿಗ್ಗೆ ಬಂದು ಹಾಲು ಹಾಕಿದ. ಹಳೆಯ ಗದೆಯ ಬಿದಿರು ತನ್ನ ತೋಟದ್ದೆಂದೂ ಅದನ್ನು ಹಿಂದಿರುಗಿಸಬೇಕೆಂದೂ ಅಂದೇ ಕೇಳಿದ. ಬಾಯಿಯ ಸುತ್ತಲಿನ ಟಾರನ್ನು ಕೆರೆದು ತೆಗೆದರೂ ತಳಕ್ಕೆ ಅಂಟಿದ ಬಿದಿರು ಚೊಂಬಿನಿಂದ ಇಂದಿಗೂ ಕಳಚಿಲ್ಲ. ಅಕ್ಕಯಮ್ಮನವರು ಬಿದಿರನ್ನೇ ಹಿಡಿಯಾಗಿ ಮಾಡಿಕೊಂಡು ಹಂಡೆಯಿಂದ ನೀರು ಮೊಗೆಯುತ್ತಾರೆ.

ಚೊಂಬು ಸಂದಾಯವಾಯಿತು. ಬಿದಿರು ಬಾಕಿ.